ಕರೆಂಟ್ ಹೊಡೆದ ಸುಟ್ಟಗಾಯ: ಮೊದಲ ಗಂಟೆಯಿಂದ ಮನೆಯ ಆರೈಕೆಯವರೆಗೆ

ಬಿಸಿನೀರು ಬಿದ್ದು ಆಗುವ ಸುಟ್ಟಗಾಯಕ್ಕೂ ವಿದ್ಯುತ್ ತಗುಲಿ ಆಗುವ ಸುಟ್ಟಗಾಯಕ್ಕೂ ಬಹಳ ವ್ಯತ್ಯಾಸವಿದೆ. ಬಿಸಿನೀರು ಚರ್ಮವನ್ನು ಹೊರಗಿನಿಂದ ಸುಡುತ್ತದೆ. ಎಷ್ಟು ಅಗಲಕ್ಕೆ ಸುಟ್ಟಿದೆ ಎಂಬುದನ್ನು ನೋಡಿದ ಕೂಡಲೇ ಅಂದಾಜು ಮಾಡಬಹುದು. ವಿದ್ಯುತ್ ದೇಹದ ಒಂದು ಕಡೆ ಹೊಕ್ಕು ಇನ್ನೊಂದು ಕಡೆಯಿಂದ ನೆಲಕ್ಕೆ ಇಳಿಯುತ್ತದೆ, ಹಾಗೆ ಇಳಿಯುವಾಗ ದಾರಿಯಲ್ಲಿ ಸಿಕ್ಕ ಸ್ನಾಯು, ನರ, ರಕ್ತನಾಳಗಳನ್ನು ಒಳಗೊಳಗೇ ಬೇಯಿಸುತ್ತದೆ. ಅಂಗೈಯಲ್ಲಿ ನಾಣ್ಯದಷ್ಟು ಅಗಲದ, ನಡುವೆ ಗುಳಿಬಿದ್ದ ಬೂದುಬಣ್ಣದ ಕಲೆ ಮತ್ತು ಅಂಗಾಲಿನಲ್ಲಿ ಒಡೆದಂತೆ ಕಾಣುವ ಇನ್ನೊಂದು ಗಾಯ, ಹೊರಗೆ ಕಾಣುವುದು ಹಲವು ಬಾರಿ ಇಷ್ಟೇ. ಗಾಯಾಳು ಎದ್ದು ಕುಳಿತು ಮಾತನಾಡುತ್ತಿದ್ದರಂತೂ, ದೊಡ್ಡದೇನೂ ಆಗಿಲ್ಲವೆಂದು ಮುಲಾಮು ಹಚ್ಚಿ ಮಲಗಿಸುವವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ಎರಡು ದಿನ ಕಳೆದು ಕೈ ಬಾತು, ಮೂತ್ರ ಕಪ್ಪಾದ ಮೇಲೆ ಆಸ್ಪತ್ರೆಗೆ ಹೊರಟರೆ ಆ ಕೈಯನ್ನು ಉಳಿಸುವ ಸಮಯ ಮುಗಿದುಹೋಗಿರುತ್ತದೆ. ಆದ್ದರಿಂದ ಈ ಗಾಯವನ್ನು ಹೊರಗೆ ಕಾಣುವ ಅಳತೆಯಿಂದ ಎಂದೂ ತೀರ್ಮಾನಿಸಬಾರದು. ಈ ಬರಹದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ಹಿಡಿದೇ ಇದೆ.

ಮುಟ್ಟುವ ಮೊದಲು

ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್, ತೋಟದ ಮೂರು ಫೇಸ್ ಪಂಪ್‌ಸೆಟ್ಟಿನದು ಸುಮಾರು 400 ವೋಲ್ಟ್, ಗದ್ದೆ ತೋಟಗಳ ಮೇಲೆ ಹಾದು ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರುವ ತಂತಿಯದು 11,000 ವೋಲ್ಟ್. ವೈದ್ಯರು 1,000 ವೋಲ್ಟಿಗಿಂತ ಮೇಲಿನದನ್ನು ಹೈವೋಲ್ಟೇಜ್ ಗಾಯವೆಂದು ಪರಿಗಣಿಸುತ್ತಾರೆ. ಬಿಡಿಸುವ ಕ್ರಮವೂ ಇದಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಮನೆಯೊಳಗೆ ಅಥವಾ ಪಂಪಿನ ಬಳಿ ಅವಘಡವಾದರೆ ಮೊದಲು ಮೇನ್ ಸ್ವಿಚ್ ಇಳಿಸಬೇಕು ಅಥವಾ ಫ್ಯೂಸ್ ಕೀಳಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಅದನ್ನೂ ಆರಿಸಬೇಕು, ಏಕೆಂದರೆ ಮೇನ್ ಇಳಿಸಿದರೂ ಇನ್ವರ್ಟರಿನ ವೈರಿಂಗ್‌ನಲ್ಲಿ 230 ವೋಲ್ಟ್ ಉಳಿದಿರುತ್ತದೆ. ಹಿಡಿದ ತಂತಿಯನ್ನು ಬಿಡಲು ಗಾಯಾಳುವಿಗೆ ಆಗುತ್ತಿಲ್ಲವೆಂದು ಗಾಬರಿಯಿಂದ ಅವರ ಕೈ ಹಿಡಿದು ಎಳೆಯಬಾರದು. ಸುಮಾರು 10ರಿಂದ 16 ಮಿಲಿಆಂಪಿಯರ್ ಹರಿದರೇ ಮುಂಗೈ ಸ್ನಾಯುಗಳು ಬಿಗಿದು ಮುಷ್ಟಿ ತಾನಾಗಿ ಕಚ್ಚಿಕೊಳ್ಳುತ್ತದೆ. ಎಳೆಯಲು ಹೋದವರ ಕೈಗೂ ಅದೇ ಗತಿಯಾಗುತ್ತದೆ. ಸ್ವಿಚ್ ಸಿಗದೇ ಹೋದಾಗ ಒಣ ಮರದ ಹಲಗೆಯ ಮೇಲೆ ನಿಂತು, ಒಣ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿಯನ್ನು ದೂಡಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಒಣ ಕೋಲು ಎಂಬುದು ಇರುವುದಿಲ್ಲ. ಮಳೆಗೆ ನೆಂದ ಅಡಿಕೆ ದಬ್ಬೆ, ಹಸಿ ಬಿದಿರು, ತೇವಗೊಂಡ ಗೋಣಿಚೀಲ ಇವೆಲ್ಲ ವಿದ್ಯುತ್ ಹರಿಯಲು ದಾರಿಯಾಗುತ್ತವೆ. ಹೀಗಾಗಿ ಪಂಪ್‌ಶೆಡ್ಡಿನ ಒಳಗೋಡೆಗೆ ಒಂದು ಉದ್ದನೆಯ ಪಿವಿಸಿ ಪೈಪನ್ನು ಇದಕ್ಕೆಂದೇ ಒಣಗಿಸಿ ತೂಗುಹಾಕಿಡುವುದು ಒಳ್ಳೆಯದು.

ಮೇಲಿನ 11 ಕೆವಿ, ಅಂದರೆ 11,000 ವೋಲ್ಟಿನ ತಂತಿಯ ವಿಷಯದಲ್ಲಿ ಕೋಲು, ಪೈಪು, ಹಲಗೆ, ರಬ್ಬರ್ ಚಪ್ಪಲಿ ಯಾವುದನ್ನೂ ನಂಬುವಂತಿಲ್ಲ. ತಂತಿ ಕಡಿದು ನೆಲದ ಮೇಲೆ ಅಥವಾ ಬೇಲಿಯ ಮೇಲೆ ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರದಲ್ಲಿ ನಿಲ್ಲಬೇಕು, ನೀರು ನಿಂತ ಗದ್ದೆಯಲ್ಲಾದರೆ ಇನ್ನೂ ದೂರ ಸರಿಯಬೇಕು. ಬಿದ್ದ ಜಾಗದಿಂದ ವಿದ್ಯುತ್ ನೆಲದಲ್ಲಿ ಹರಡುವುದರಿಂದ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆಯೇ ಒತ್ತಡದ ವ್ಯತ್ಯಾಸ ಉಂಟಾಗಿ, ತಂತಿಯನ್ನು ಮುಟ್ಟದವರಿಗೂ ಆಘಾತವಾಗುತ್ತದೆ. ಈಗಾಗಲೇ ಆ ವಲಯದೊಳಗೆ ಸಿಕ್ಕಿದ್ದರೆ ಪಾದಗಳನ್ನು ಜೋಡಿಸಿಕೊಂಡು, ಎತ್ತಿಡದೆ, ನೆಲಕ್ಕೆ ಉಜ್ಜುತ್ತಾ ಇಂಚಿಂಚಾಗಿ ಹೊರಬರಬೇಕು. ಕೂಡಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ಅಥವಾ ವಿದ್ಯುತ್ ಕಂಪನಿಯಾದ ಹೆಸ್ಕಾಂನ ಸ್ಥಳೀಯ ಶಾಖೆಗೆ ಕರೆ ಮಾಡಿ, ಕಂಬದ ಮೇಲೆ ಬರೆದ ಸಂಖ್ಯೆಯನ್ನು ಅಥವಾ ಹತ್ತಿರದ ಟಿಸಿಯ ಗುರುತನ್ನು ಹೇಳಬೇಕು. ಲೈನ್ ತಾನಾಗಿ ಟ್ರಿಪ್ ಆಗಿ ಊರಿನಲ್ಲಿ ದೀಪ ಹೋಗಿದೆ ಎಂದ ಮಾತ್ರಕ್ಕೆ ಹತ್ತಿರ ಹೋಗಬಾರದು. ಕೆಲವೇ ಕ್ಷಣಗಳಲ್ಲಿ ಅದನ್ನು ಮತ್ತೆ ಚಾರ್ಜ್ ಮಾಡುವ ಸಂಭವವಿರುತ್ತದೆ. ಲೈನ್ ಕಟ್ ಮಾಡಿದ್ದೇವೆ ಎಂದು ಶಾಖೆಯವರ ಬಾಯಿಂದಲೇ ಕೇಳಿದ ಮೇಲೆ ಮುಂದೆ ಹೆಜ್ಜೆ ಇಡಬೇಕು. ಕಣ್ಣೆದುರು ಮನೆಯವರೇ ಬಿದ್ದಿರುವಾಗ ಹೀಗೆ ಕಾಯುವುದು ಎಷ್ಟು ಕಷ್ಟ ಎಂಬುದು ಅರ್ಥವಾಗುತ್ತದೆ. ಆದರೆ ಒಬ್ಬರನ್ನು ಬಿಡಿಸಲು ಹೋದ ಎರಡನೆಯವರು, ಅವರನ್ನು ಬಿಡಿಸಲು ಹೋದ ಮೂರನೆಯವರು ಸಾಲಾಗಿ ಬೀಳುವುದು ಈ ಅವಘಡಗಳಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ದೋಟಿಯ (ಮರದ ಮೇಲಿನದನ್ನು ಕೊಯ್ಯುವ ಉದ್ದನೆಯ ಕೋಲಿನ) ವಿಷಯವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಅಡಿಕೆ ಕೊನೆ ಕೊಯ್ಯಲು, ಮಳೆಗಾಲದ ಆರಂಭದಲ್ಲಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗದ ಈ ಕಾಲದಲ್ಲಿ, ನೆಲದಲ್ಲೇ ನಿಂತು ಬಳಸಬಹುದಾದ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಬಹಳ ತೋಟಗಳಿಗೆ ಬಂದಿದೆ. ಅದು ಲೋಹವಲ್ಲವಾದ್ದರಿಂದ ಕರೆಂಟ್ ಹೊಡೆಯುವುದಿಲ್ಲ ಎಂದು ನಂಬಿದವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಅಲ್ಯೂಮಿನಿಯಂ ದೋಟಿ ಅಥವಾ ಏಣಿಯಷ್ಟೇ ಅಪಾಯಕಾರಿ. ಅದರ ಜೊತೆಗೆ ಪೈಪಿನೊಳಗೆ ದ್ರಾವಣ ತುಂಬಿದ್ದರೆ, ಕೈಕಾಲು ನೆಂದಿದ್ದರೆ ಚರ್ಮದ ರಕ್ಷಣೆಯೂ ಇಲ್ಲದಂತಾಗುತ್ತದೆ. ಒಣಗಿದ ದಪ್ಪ ಅಂಗೈಯ ಪ್ರತಿರೋಧ 1 ಲಕ್ಷ ಓಮ್‌ವರೆಗೂ ಇರಬಹುದು, ಒದ್ದೆಯಾದಾಗ ಅದು 1,000 ಓಮ್‌ನ ಆಸುಪಾಸಿಗೆ ಇಳಿಯುತ್ತದೆ. ಹೈಟೆನ್ಷನ್ ತಂತಿಗೆ ದೋಟಿ ತಗುಲಲೇಬೇಕೆಂದಿಲ್ಲ. ತೀರ ಸಮೀಪ ಬಂದರೂ ಕಿಡಿ ಹಾರುತ್ತದೆ.

ಬಿಡಿಸಿದ ಕೂಡಲೇ

ವಿದ್ಯುತ್ತಿನಿಂದ ಬೇರ್ಪಟ್ಟ ದೇಹದಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಕಾಗಿಲ್ಲ. ಸುಟ್ಟಗಾಯವನ್ನು ನೋಡುವ ಮೊದಲು ಉಸಿರನ್ನು ನೋಡಬೇಕು. ಕರೆದರೆ ಓಗೊಡದೆ, ಉಸಿರಾಡದೆ ಅಥವಾ ಆಗಾಗ ಬಾಯಿ ತೆರೆದು ಏದುತ್ತ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆ ಒತ್ತಲು ಆರಂಭಿಸಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಪ್ರತಿ 30 ಒತ್ತುಗಳಿಗೆ 2 ಬಾರಿ ಬಾಯಿಂದ ಉಸಿರು ಕೊಡಬೇಕು. ಉಸಿರು ಕೊಡುವುದನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ: ವಿದ್ಯುತ್ ಆಘಾತದಲ್ಲಿ ಹೃದಯ ಮತ್ತೆ ಬಡಿಯಲು ಆರಂಭಿಸಿದ ಮೇಲೂ ಉಸಿರಾಟದ ಸ್ನಾಯುಗಳು ಸ್ವಲ್ಪ ಹೊತ್ತು ಸ್ತಬ್ಧವಾಗಿಯೇ ಇರಬಹುದು. ಗಾಯಾಳುಗಳು ಬಹುಪಾಲು ದುಡಿಯುವ ವಯಸ್ಸಿನವರು, ಅವರ ಹೃದಯ ಮೊದಲಿನಿಂದ ಆರೋಗ್ಯವಾಗಿಯೇ ಇದ್ದುದು. ಆದ್ದರಿಂದ ಬೇಗ ಕೈಬಿಡದೆ, ಆಂಬುಲೆನ್ಸ್ ಬರುವವರೆಗೂ ಸರದಿಯ ಮೇಲೆ ಒತ್ತುತ್ತಲೇ ಇರಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲಿಗೂ ಇದೇ ಕ್ರಮ. ಸಿಡಿಲಿಗೆ ಹಲವರು ಒಟ್ಟಿಗೆ ಸಿಕ್ಕಿದ್ದರೆ ನರಳುತ್ತಿರುವವರಿಗಿಂತ ಮೊದಲು ಸತ್ತಂತೆ ಬಿದ್ದವರ ಕಡೆಗೆ ಹೋಗಬೇಕು, ಏಕೆಂದರೆ ಅವರಲ್ಲಿ ಬದುಕಿಸಬಹುದಾದವರಿರುತ್ತಾರೆ.

ಕಂಬದಿಂದ, ಮರದಿಂದ, ಮಾಡಿನಿಂದ ಬಿದ್ದವರಿಗೆ ಬೆನ್ನೆಲುಬು ಅಥವಾ ಕುತ್ತಿಗೆ ಮುರಿದಿರಬಹುದು. ಬೀಳದಿದ್ದರೂ ಸ್ನಾಯುಗಳು ಒಮ್ಮೆಲೇ ಸೆಟೆದುಕೊಂಡ ರಭಸಕ್ಕೆ ಹೆಗಲಿನ ಕೀಲು ತಪ್ಪುವುದುಂಟು. ಕಂಬಳಿಯಲ್ಲಿ ಜೋತುಬಿಟ್ಟು ಹೊರುವ ಬದಲು, ಬಾಗಿಲಿನ ಹಲಗೆಯಂತಹ ಸಪಾಟು ವಸ್ತುವಿನ ಮೇಲೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮಲಗಿಸಿ ಸಾಗಿಸಬೇಕು.

ಇಷ್ಟಾದ ಮೇಲೆ ಸುಟ್ಟ ಜಾಗಕ್ಕೆ ಗಮನ ಕೊಡಬೇಕು. ಬಳೆ, ಉಂಗುರ, ಕಾಲುಂಗುರ, ವಾಚು, ಉಡಿದಾರ, ಬಿಗಿಯಾದ ಬೆಲ್ಟು ಇವನ್ನು ಬಾವು ಏರುವ ಮೊದಲೇ ತೆಗೆಯಬೇಕು, ಅರ್ಧ ಗಂಟೆ ಕಳೆದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾದೀತು. ಉರಿದ ಬಟ್ಟೆಯನ್ನು ಕಳಚಬೇಕು, ಆದರೆ ಚರ್ಮಕ್ಕೆ ಅಂಟಿದ ಭಾಗವನ್ನು ಕೀಳದೆ ಸುತ್ತ ಕತ್ತರಿಸಿ ಬಿಡಬೇಕು. ಔಷಧಿ ಹೊಡೆಯುವಾಗ ಆದ ಅವಘಡವಾದರೆ ಮೈಮೇಲಿನ ಮೈಲುತುತ್ತ, ಸುಣ್ಣದ ದ್ರಾವಣವನ್ನು ಸಾಕಷ್ಟು ನೀರಿನಿಂದ ತೊಳೆಯಬೇಕು. ಸುಟ್ಟ ಭಾಗದ ಮೇಲೆ ಸುಮಾರು 20 ನಿಮಿಷ ತಂಪಾದ ಹರಿಯುವ ನೀರು ಬಿಡಬೇಕು. ಮಂಜುಗಡ್ಡೆ ಬೇಡ; ಕಾರವಾರದ ಬೈತಖೋಲ, ತದಡಿಯಂತಹ ಮೀನುಗಾರಿಕೆ ಬಂದರುಗಳಲ್ಲಿ ಅದು ಕೈಗೆ ಸುಲಭವಾಗಿ ಸಿಗುವುದರಿಂದ ಈ ಮಾತು ಹೇಳಬೇಕಾಗಿದೆ. ಮಂಜುಗಡ್ಡೆ ರಕ್ತನಾಳಗಳನ್ನು ಮುದುಡಿಸಿ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಮಕ್ಕಳನ್ನು, ಮಳೆಯಲ್ಲಿ ನೆಂದು ನಡುಗುತ್ತಿರುವವರನ್ನು ತಣ್ಣೀರಿನಲ್ಲಿ ಬಹಳ ಹೊತ್ತು ಇಡದೆ, ಉಳಿದ ಮೈಗೆ ಕಂಬಳಿ ಹೊದೆಸಬೇಕು. ತಂಪು ಮಾಡುವ ನೆಪದಲ್ಲಿ ಆಸ್ಪತ್ರೆಗೆ ಹೊರಡುವುದು ತಡವಾಗಬಾರದು.

ಗಾಯಕ್ಕೆ ಏನನ್ನೂ ಹಚ್ಚಬಾರದು. ಮುರುಗಲ ತುಪ್ಪ, ತೆಂಗಿನೆಣ್ಣೆ, ಅರಿಶಿನ, ಜೇನುತುಪ್ಪ, ಲೋಳೆಸರ, ಟೂತ್‌ಪೇಸ್ಟ್, ಶಾಯಿ ಇವುಗಳಲ್ಲಿ ಯಾವುದನ್ನು ಹಚ್ಚಿದರೂ ಗಾಯದ ಬಣ್ಣ ಮರೆಯಾಗಿ, ಎಷ್ಟು ಆಳಕ್ಕೆ ಸುಟ್ಟಿದೆ ಎಂದು ವೈದ್ಯರು ನೋಡಲಾಗುವುದಿಲ್ಲ. ಅದನ್ನು ಉಜ್ಜಿ ತೆಗೆಯುವಾಗ ಗಾಯಾಳುವಿಗೆ ಮತ್ತೊಮ್ಮೆ ನೋವು. ಬಾಳೆಎಲೆಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರ ಅನುಭವಕ್ಕೆ ಬೆಲೆಯಿದೆ: ಹಬೆಯಲ್ಲಿ ಶುದ್ಧಗೊಳಿಸಿದ ಬಾಳೆಎಲೆಯನ್ನು ಗಾಯಕ್ಕೆ ಅಂಟದ ಹೊದಿಕೆಯಾಗಿ ಭಾರತದ ಆಸ್ಪತ್ರೆಗಳಲ್ಲಿ ಬಳಸಿದ್ದಾರೆ. ಆದರೆ ತೋಟದಿಂದ ಕೊಯ್ದು ತಂದ ಹಸಿ ಎಲೆಯಲ್ಲಿ ಮಣ್ಣು, ಸೂಕ್ಷ್ಮಜೀವಿಗಳು ಇರುವುದರಿಂದ ಅವಸರದಲ್ಲಿ ಅದು ಬೇಡ. ಒಗೆದು ಇಸ್ತ್ರಿ ಮಾಡಿದ ಹತ್ತಿಯ ಪಂಚೆ ಅಥವಾ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದೆಸಿದರೆ ಸಾಕು. ಗುಳ್ಳೆಗಳನ್ನು ಒಡೆಯಬಾರದು.

ಬಾಯಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಕರಾವಳಿಯಲ್ಲಿ ಬಂದೇ ಬರುತ್ತದೆ, ಏಕೆಂದರೆ ಯಾವ ಸುಸ್ತಿಗಾದರೂ ಮೊದಲು ಎಳನೀರು ಕೆತ್ತುವುದು ಇಲ್ಲಿನ ರೂಢಿ. ವಿದ್ಯುತ್ ಗಾಯಕ್ಕೆ ಎಳನೀರು ಸಲ್ಲದು. ಸತ್ತ ಸ್ನಾಯುಗಳಿಂದ ಪೊಟ್ಯಾಶಿಯಂ ರಕ್ತಕ್ಕೆ ಸುರಿಯುತ್ತಿರುತ್ತದೆ, ಮೂತ್ರಪಿಂಡಗಳು ಅದನ್ನು ಹೊರಹಾಕಲಾರದ ಸ್ಥಿತಿಯಲ್ಲಿ ಇರಬಹುದು. ಆಗ ಪೊಟ್ಯಾಶಿಯಂ ಹೇರಳವಾಗಿರುವ ಎಳನೀರು ಹೃದಯದ ಬಡಿತಕ್ಕೇ ತೊಂದರೆ ಕೊಡಬಲ್ಲದು. ಆಸ್ಪತ್ರೆ ತಲುಪಿದ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಚಹಾ ಕೂಡ ಬೇಡ. ಎಚ್ಚರವಿರುವವರು ಕೇಳಿದರೆ ತುಟಿ ಒದ್ದೆ ಮಾಡುವಷ್ಟು ನೀರು ಕೊಡಬಹುದು.

ಯಾವ ಆಸ್ಪತ್ರೆಗೆ, ಎಷ್ಟು ಬೇಗ

ಮನೆಯ 230 ವೋಲ್ಟ್ ತಗುಲಿ, ಪ್ರಜ್ಞೆ ತಪ್ಪದೆ, ಸುಟ್ಟ ಗುರುತಿಲ್ಲದೆ, ಎದೆ ಹೊಡೆದುಕೊಳ್ಳದೆ ಇದ್ದವರೂ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಸಿಜಿ ಮಾಡಿಸಬೇಕು. ಅದು ಸರಿಯಿದ್ದರೆ ವೈದ್ಯರು ಸಾಮಾನ್ಯವಾಗಿ ಸ್ವಲ್ಪ ಹೊತ್ತು ನೋಡಿಕೊಂಡು ಮನೆಗೆ ಕಳಿಸುತ್ತಾರೆ. ಕ್ಷಣಕಾಲ ಪ್ರಜ್ಞೆ ತಪ್ಪಿದ್ದರೂ, ವಿದ್ಯುತ್ ಒಂದು ಕೈಯಿಂದ ಎದೆ ಹಾದು ಇನ್ನೊಂದು ಕೈಗೆ ಹೋಗಿದ್ದರೂ, ಇಸಿಜಿಯಲ್ಲಿ ಏರುಪೇರು ಇದ್ದರೂ, ಮೊದಲೇ ಹೃದಯದ ಕಾಯಿಲೆ ಇದ್ದರೂ ಕನಿಷ್ಠ ಒಂದು ದಿನ ಮಾನಿಟರ್ ಹಾಕಿ ನೋಡುವ ವ್ಯವಸ್ಥೆ ಬೇಕು. ಗರ್ಭಿಣಿಯರಿಗೆ ಏನೂ ಆಗಿಲ್ಲವೆನಿಸಿದರೂ ಮಗುವಿನ ಹೃದಯದ ಬಡಿತವನ್ನು ಪರೀಕ್ಷಿಸಲೇಬೇಕು. ವೈರ್ ಕಚ್ಚಿ ತುಟಿಯ ಮೂಲೆ ಸುಟ್ಟುಕೊಂಡ ಮಗುವಿನ ತಾಯ್ತಂದೆಯರು ಇನ್ನೊಂದು ಸಂಗತಿ ತಿಳಿದಿರಬೇಕು: 5ರಿಂದ 14 ದಿನಗಳ ನಡುವೆ ಆ ಹಕ್ಕಳೆ ಕಳಚುವಾಗ ತುಟಿಯ ರಕ್ತನಾಳದಿಂದ ಒಮ್ಮೆಲೇ ರಕ್ತ ಸುರಿಯಬಹುದು. ಹಾಗಾದರೆ ತುಟಿಯನ್ನು ಒಳಗೂ ಹೊರಗೂ ಬೆರಳುಗಳ ನಡುವೆ ಒತ್ತಿಹಿಡಿದುಕೊಂಡೇ ಆಸ್ಪತ್ರೆಗೆ ಬರಬೇಕು.

ಹೈವೋಲ್ಟೇಜ್ ಗಾಯವಾದರೆ ಲೆಕ್ಕಾಚಾರ ಬೇರೆ. ಬೆಂದ ಸ್ನಾಯು ಬಾತುಕೊಂಡಾಗ ಅದನ್ನು ಸುತ್ತಿರುವ ಬಿಗಿಯಾದ ಪೊರೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ರಕ್ತ ಹರಿಯುವುದೇ ನಿಲ್ಲುತ್ತದೆ, ಹಾಗೆ ನಿಂತು ಸುಮಾರು 6 ಗಂಟೆ ಕಳೆದರೆ ಸ್ನಾಯು ಮರಳಿ ಬಾರದಂತೆ ಸಾಯುತ್ತದೆ. ಶಸ್ತ್ರಚಿಕಿತ್ಸಕರು ಉದ್ದಕ್ಕೆ ಸೀಳಿ ಆ ಪೊರೆಯನ್ನು ಬಿಡಿಸಬೇಕಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಕಾರವಾರದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಿ 160 ಕಿಲೋಮೀಟರಿನಷ್ಟು ದಾರಿ ಇರುವ ನಮ್ಮ ಜಿಲ್ಲೆಯಲ್ಲಿ, ಈ 6 ಗಂಟೆಗಳಲ್ಲಿ ಒಂದು ದೊಡ್ಡ ಪಾಲು ರಸ್ತೆಯಲ್ಲೇ ಕಳೆಯುತ್ತದೆ. ಆದ್ದರಿಂದ ಮೊದಲು ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಉಸಿರು, ಬಡಿತ ಸ್ಥಿರಗೊಳಿಸಿ, ಸಲೈನ್ ಹಚ್ಚಿಸಿ, ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿ, ಪ್ಲಾಸ್ಟಿಕ್ ಸರ್ಜರಿ ಮತ್ತು ಡಯಾಲಿಸಿಸ್ ಎರಡೂ ಇರುವಲ್ಲಿಗೆ ಅಂದೇ ಕರೆದೊಯ್ಯುವ ಕುರಿತು ವೈದ್ಯರೊಡನೆ ಮಾತನಾಡಬೇಕು. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ; ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ; ಕಾರವಾರದವರಿಗೆ ಗೋವಾದ ಬಾಂಬೋಳಿ ಹತ್ತಿರವಾಗುತ್ತವೆ. ಹೊರಡುವ ಮೊದಲು ಅಲ್ಲಿ ಹಾಸಿಗೆ ಇದೆಯೇ ಎಂದು ಕಳಿಸುವ ವೈದ್ಯರಿಂದಲೇ ಫೋನ್ ಮಾಡಿಸಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಯಾವ ಘಟ್ಟ ತೆರೆದಿದೆ ಎಂದು ಕೇಳಿಕೊಂಡೇ ಗಾಡಿ ಹೊರಡಿಸಬೇಕು.

ದಾರಿಯಲ್ಲಿ ಗಾಯದ ಕೈ ಅಥವಾ ಕಾಲನ್ನು ಹೃದಯದ ಮಟ್ಟದಲ್ಲಿ ದಿಂಬಿನ ಮೇಲೆ ಇಡಬೇಕು. ಬೆರಳುಗಳನ್ನು ಮೆಲ್ಲನೆ ಚಾಚಿದಾಗ ಸಹಿಸಲಾಗದ ನೋವು, ಮುಂಗೈ ಕಟ್ಟಿಗೆಯಂತೆ ಬಿಗಿಯುವುದು, ಜೋಮು, ಬೆರಳ ತುದಿ ಬಿಳಿಚಿ ತಣ್ಣಗಾಗುವುದು, ಇವುಗಳಲ್ಲಿ ಯಾವುದು ಯಾವ ಹೊತ್ತಿಗೆ ಆರಂಭವಾಯಿತು ಎಂದು ಬರೆದಿಟ್ಟುಕೊಳ್ಳಬೇಕು. ಅವಘಡವಾದ ಸಮಯ, ಯಾವ ತಂತಿ, ಎಲ್ಲಿ ತಗುಲಿತು, ಎಷ್ಟು ಎತ್ತರದಿಂದ ಬಿದ್ದರು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದರೆ ರಾತ್ರಿ ಪಾಳಿಯ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ.

ಆಸ್ಪತ್ರೆಯಲ್ಲಿ ಮನೆಯವರು ಅರಿತಿರಬೇಕಾದದ್ದು

ಮೂತ್ರದ ಚೀಲದ ಬಣ್ಣವನ್ನು ಗಮನಿಸುತ್ತಿರಬೇಕು. ಕಟ್ಟು ಚಹಾದಂತೆ ಅಥವಾ ಕೋಲಾದಂತೆ ಕಪ್ಪಾಗಿದ್ದರೆ ಸತ್ತ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪದಾರ್ಥ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಆಗ ವಯಸ್ಕರಲ್ಲಿ ಗಂಟೆಗೆ 75ರಿಂದ 100 ಮಿಲಿಲೀಟರ್ ಮೂತ್ರ ಹೋಗುವಷ್ಟು ಸಲೈನ್ ಕೊಡುತ್ತಾರೆ. ಸಣ್ಣ ಗಾಯಕ್ಕೆ ಇಷ್ಟೊಂದು ಬಾಟಲಿ ಏಕೆಂದು ಮನೆಯವರು ಅನುಮಾನಪಡುವುದುಂಟು. ಚರ್ಮದ ಮೇಲೆ ಸುಟ್ಟ ಅಗಲಕ್ಕೂ ಇಲ್ಲಿ ಬೇಕಾಗುವ ದ್ರವದ ಪ್ರಮಾಣಕ್ಕೂ ಸಂಬಂಧವಿರುವುದಿಲ್ಲ.

ಕೈಯನ್ನು ಉದ್ದಕ್ಕೆ ಸೀಳಬೇಕು ಎಂದು ವೈದ್ಯರು ಒಪ್ಪಿಗೆ ಕೇಳಿದಾಗ ಊರಿನಿಂದ ಹಿರಿಯರು ಬರಲಿ ಎಂದು ಕಾಯಿಸಬಾರದು. ಆ ಸೀಳು ಕೈ ಉಳಿಸಲೆಂದೇ ಮಾಡುವಂಥದ್ದು, ಮುಂದೆ ಅದನ್ನು ಹೊಲಿಯುತ್ತಾರೆ ಅಥವಾ ತೊಡೆಯ ಚರ್ಮ ತೆಗೆದು ಮುಚ್ಚುತ್ತಾರೆ. ಎರಡು ಮೂರು ದಿನಗಳ ಅಂತರದಲ್ಲಿ ಮತ್ತೆ ಆಪರೇಷನ್ ಥಿಯೇಟರಿಗೆ ಕರೆದೊಯ್ದು ಹೊಸದಾಗಿ ಸತ್ತ ಭಾಗವನ್ನು ತೆಗೆಯುವುದೂ ಮೊದಲ ಶಸ್ತ್ರಚಿಕಿತ್ಸೆ ತಪ್ಪಾಯಿತೆಂಬ ಸೂಚನೆಯಲ್ಲ. ಒಳಗಿನ ಹಾನಿ ಪೂರ್ತಿ ತೋರಲು ಅಷ್ಟು ಸಮಯ ಹಿಡಿಯುತ್ತದೆ.

ಕಾಗದಪತ್ರದ ಕೆಲಸವನ್ನೂ ಈ ದಿನಗಳಲ್ಲೇ ಮಾಡಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಂಡು, ಹೆಸ್ಕಾಂ ಶಾಖೆಗೂ ವಿದ್ಯುತ್ ಪರಿವೀಕ್ಷಕರಿಗೂ ಲಿಖಿತವಾಗಿ ತಿಳಿಸಿದರೆ ಪರಿಹಾರ ಕೇಳಲು ಆಧಾರವಿರುತ್ತದೆ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ಇಂಥ ಅವಘಡಗಳ ವರದಿ ಮತ್ತು ವಿಚಾರಣೆಗೆ ಸಂಬಂಧಿಸಿದ್ದು. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೂ ಅನುಕೂಲ.

ಮನೆಗೆ ಬಂದ ಮೇಲೆ

ಗಾಯ ಮಾಯಲು ಪ್ರೋಟೀನ್ ಬೇಕು, ಆದರೆ ನಮ್ಮಲ್ಲಿ ನಂಜು ಎಂದು ಮೊದಲು ನಿಲ್ಲಿಸುವುದೇ ಮೀನು, ಮೊಟ್ಟೆಗಳನ್ನು. ಬರಿ ಗಂಜಿ, ಉಪ್ಪಿನಕಾಯಿಯ ಮೇಲೆ ವಾರಗಟ್ಟಲೆ ಇಟ್ಟ ರೋಗಿಯ ಕಸಿ ಚರ್ಮ ಹಿಡಿಯುವುದಿಲ್ಲ. ಮೂತ್ರಪಿಂಡ ಸರಿಯಾಗಿದೆ, ಪಥ್ಯ ಬೇಡ ಎಂದು ವೈದ್ಯರು ಹೇಳಿದ ಮೇಲೆ ಬಂಗಡೆ, ತಾರ್ಲೆ, ಮೊಟ್ಟೆ ಧಾರಾಳವಾಗಿ ಕೊಡಬಹುದು. ಸಸ್ಯಾಹಾರಿಗಳ ಮನೆಯಲ್ಲಿ ಹೆಸರುಕಾಳು, ಶೇಂಗಾ, ಹಾಲು, ಮೊಸರು, ತೊಗರಿಬೇಳೆ ಪ್ರತಿ ಊಟದಲ್ಲೂ ಇರಬೇಕು.

ಡ್ರೆಸ್ಸಿಂಗ್ ಬದಲಿಸುವವರು ಸೋಪಿನಿಂದ ಕೈ ತೊಳೆದು, ಉಗುರು ಕತ್ತರಿಸಿಕೊಂಡಿರಬೇಕು. ಆಷಾಢದ ಮಳೆಯಲ್ಲಿ ಬಟ್ಟೆ ಒಣಗದ ಮನೆಗಳಲ್ಲಿ ಅರೆಬರೆ ಒಣಗಿದ ಬಟ್ಟೆಯನ್ನು ಗಾಯಕ್ಕೆ ಸುತ್ತದೆ, ಅಂಗಡಿಯ ಗಾಜ್ ಬಳಸಬೇಕು. ಜ್ವರ, ಕೆಟ್ಟ ವಾಸನೆ, ಹಸಿರು ಬಣ್ಣದ ಕೀವು, ಸುತ್ತಲೂ ಹರಡುವ ಕೆಂಪು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಮರಳಬೇಕು.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಕೈಯ ವ್ಯಾಯಾಮ. ನೋವಾಗದ ಭಂಗಿಯಲ್ಲಿ, ಅಂದರೆ ಬೆರಳು ಮಡಚಿ, ಮೊಣಕೈ ಬಾಗಿಸಿ ಮಲಗಿದರೆ ಚರ್ಮ ಅದೇ ಭಂಗಿಯಲ್ಲಿ ಬಿಗಿದು ಗಾಯ ಮಾಯುತ್ತದೆ. ಆಮೇಲೆ ಆ ಕೈ ಕತ್ತಿ ಹಿಡಿಯಲಾರದು, ಬಲೆ ಎಳೆಯಲಾರದು. ಫಿಸಿಯೋಥೆರಪಿಸ್ಟ್ ಕೊಟ್ಟ ಆಧಾರದ ಪಟ್ಟಿಯನ್ನು (ಸ್ಪ್ಲಿಂಟ್) ರಾತ್ರಿಯಿಡೀ ಕಟ್ಟಿಕೊಂಡು, ಹಗಲು ಹೇಳಿದಷ್ಟು ಬಾರಿ ಪ್ರತಿ ಬೆರಳನ್ನೂ ಪೂರ್ತಿ ಚಾಚಿ ಮಡಚಬೇಕು. ಕುತ್ತಿಗೆ ಸುಟ್ಟಿದ್ದರೆ ತಲೆದಿಂಬು ಬೇಡ. ಗಾಯ ಪೂರ್ತಿ ಮುಚ್ಚಿದ ಮೇಲೆ ತೆಂಗಿನೆಣ್ಣೆಯ ಕಾಲ ಬರುತ್ತದೆ: ದಿನಕ್ಕೆ ಎರಡು ಮೂರು ಬಾರಿ ಹಚ್ಚಿ ಒತ್ತಿ ನೀವಿದರೆ ಕಲೆ ಮೆತ್ತಗಾಗಿ ತುರಿಕೆ ಇಳಿಯುತ್ತದೆ. ಕಲೆ ಉಬ್ಬದಂತೆ ಕೊಡುವ ಬಿಗಿಯುಡುಪನ್ನು ದಿನದಲ್ಲಿ 23 ಗಂಟೆ, ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಅದು ನಿಜಕ್ಕೂ ಹಿಂಸೆ. ಎರಡು ಜೊತೆ ಹೊಲಿಸಿಕೊಂಡು ಬೆವರಿದಾಗಲೆಲ್ಲ ಬದಲಿಸಿದರೆ ಸಹಿಸಬಹುದು.

ಗಾಯ ಮಾಯ್ದು ತಿಂಗಳುಗಳಾದ ಮೇಲೂ ಕೈಯಲ್ಲಿ ಉರಿ, ಜೋಮು, ನೆನಪಿನ ಮಂಕು, ಸ್ವಿಚ್ ಮುಟ್ಟಲು ಹೆದರಿಕೆ, ನಿದ್ರೆಯಲ್ಲಿ ಬೆಚ್ಚಿಬೀಳುವುದು ಇದ್ದರೆ ಅವೂ ಈ ಗಾಯದ ಭಾಗವೇ ಎಂದು ತಿಳಿದು ವೈದ್ಯರಿಗೆ ಹೇಳಬೇಕು, ನರದ ನೋವಿಗೂ ಮನಸ್ಸಿನ ಭಯಕ್ಕೂ ಚಿಕಿತ್ಸೆ ಇದೆ. ತಲೆ, ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಹೈವೋಲ್ಟೇಜ್ ಹರಿದವರಿಗೆ ತಿಂಗಳುಗಳ ನಂತರ, ಕೆಲವರಿಗೆ ಒಂದೆರಡು ವರ್ಷ ಕಳೆದು ಕಣ್ಣಿನ ಪೊರೆ ಬರುವುದುಂಟು. ಆದ್ದರಿಂದ ಬಿಡುಗಡೆಯ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ, ದೃಷ್ಟಿ ಸರಿಯಿದ್ದರೂ ಮುಂದಿನ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.